ಹಾಳೆಯಲ್ಲಿಲ್ಲದ ಊರಿನ ಅಗ್ನಿಶಿಖೆ

ಸಕಲೇಶಪುರ ಕಡೆಯ ಓದುಗರೊಬ್ಬರ ಪ್ರಶ್ನೆ: ತಮ್ಮ ತೋಟದ ಬೇಲಿಯಲ್ಲಿ ಪ್ರತಿ ಮಳೆಗಾಲ ಅಗ್ನಿಶಿಖೆ ಅರಳುತ್ತದೆ, ಹರ್ಬೇರಿಯಂ (ಒಣಗಿಸಿದ ಗಿಡಗಳ ಮಾದರಿಗಳನ್ನು ಹಾಳೆಗಳಿಗೆ ಅಂಟಿಸಿ ಕಾಪಾಡುವ ಸಂಗ್ರಹಾಲಯ) ದಾಖಲೆಗಳಲ್ಲಿ ಮಾತ್ರ ತಮ್ಮೂರಿನ ಹೆಸರೇ ಇಲ್ಲ. ಅಂಥ ದಾಖಲೆಯನ್ನು ನಂಬುವುದು ಹೇಗೆ?

ಸಂಪಾದಕರ ಉತ್ತರ:

ನಂಬಿ, ಆದರೆ ಅದು ಹೇಳಿದಷ್ಟನ್ನೇ ನಂಬಿ. ಈ ಗಿಡ ಇಂಥ ದಿನ ಇಂಥ ಜಾಗದಲ್ಲಿತ್ತು ಎಂದು ಹಾಳೆ ಸಾಕ್ಷಿ ನುಡಿಯುತ್ತದೆ. ಬೇರೆಲ್ಲೂ ಇರಲಿಲ್ಲ ಎಂದು ಯಾವ ಹಾಳೆಯೂ ಹೇಳುವುದಿಲ್ಲ.

ಹಾಸನ ಜಿಲ್ಲೆ ಈ ವಿಷಯದಲ್ಲಿ ಅದೃಷ್ಟವಂತ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಫಾದರ್ ಸೆಸಿಲ್ ಸಲ್ಡಾನಾ ಮತ್ತು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡಾನ್ ನಿಕೋಲ್ಸನ್ ಸೇರಿ ಸಂಪಾದಿಸಿದ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ 1976ರಲ್ಲೇ ಬಂತು. ಇಷ್ಟು ಶ್ರದ್ಧೆಯ ಕೆಲಸ ಎಲ್ಲ ಜಿಲ್ಲೆಗಳಿಗೂ ಸಿಕ್ಕಿಲ್ಲ. ಆದರೂ ಗಿಡ ಸಂಗ್ರಹಿಸುವವರು ರಸ್ತೆ, ಘಾಟಿ, ಉಳಿಯಲು ಬಂಗಲೆ ಇದ್ದ ಕಡೆಗೇ ಹೆಚ್ಚು ಹೋಗುತ್ತಾರೆ. ಗಿಡ ಸಿಕ್ಕ ಜಾಗಗಳನ್ನು ಗುರುತಿಸಿದ ನಕ್ಷೆಯ ಚುಕ್ಕೆಗಳಲ್ಲಿ ಗಿಡದ ನೆಲೆಯ ಜೊತೆ ಅವರ ಹೆಜ್ಜೆಯ ಜಾಡೂ ಇರುತ್ತದೆ.

ಅಗ್ನಿಶಿಖೆಯಲ್ಲಿ ಇನ್ನೊಂದು ತೊಡಕಿದೆ. ಮಳೆಗಾಲ ಕಳೆದ ಮೇಲೆ ಬಳ್ಳಿ ಒಣಗಿ, ಗೆಡ್ಡೆಯಷ್ಟೇ ಮಣ್ಣಿನೊಳಗೆ ಉಳಿಯುತ್ತದೆ. ಫೆಬ್ರವರಿಯಲ್ಲಿ ನಿಮ್ಮ ಬೇಲಿಯ ಪಕ್ಕದಲ್ಲೇ ನಡೆದುಹೋದ ಸಸ್ಯಶಾಸ್ತ್ರಜ್ಞರಿಗೂ ಅದು ಕಂಡಿರಲಾರದು. ದಾಖಲೆಗಳ ಎಣಿಕೆಯಲ್ಲೂ ಎಚ್ಚರ ಬೇಕು: ಒಮ್ಮೆಗೇ ಕಿತ್ತ ಮಾದರಿಯ ಪ್ರತಿಗಳು ಎರಡು-ಮೂರು ಹರ್ಬೇರಿಯಂಗಳಿಗೆ ಹೋಗಿರುತ್ತವೆ. ಸಂಗ್ರಾಹಕರ ಹೆಸರು, ಅವರು ಮಾದರಿಗೆ ಕೊಟ್ಟ ಸಂಖ್ಯೆ, ದಿನಾಂಕ ಒಂದೇ ಆಗಿದ್ದರೆ ಅದು ಒಂದೇ ದಾಖಲೆ.

ಹೀಗಿರುವಾಗ ನಿಮ್ಮ ಬೇಲಿಯ ಬಳ್ಳಿಗೆ ಬೆಲೆಯಿದೆ. ಸ್ಥಳೀಯ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದವರನ್ನು ಈ ಮಳೆಗಾಲ ಕರೆಸಿ ತೋರಿಸಿ. ಹೂ, ಎಲೆ ಎರಡೂ ಇರುವ ತುಂಡೊಂದು ಸಾಕು; ಎಲೆಯ ತುದಿ ತಂತುವಾಗಿ ಸುರುಳಿ ಸುತ್ತಿರುವುದು ಮಾದರಿಯಲ್ಲಿ ಕಾಣಬೇಕು. ಗೆಡ್ಡೆ ಅಗೆಯುವುದು ಬೇಡ. ಅದು ಕಾಲ್ಚಿಸಿನ್ ತುಂಬಿದ ಘೋರ ವಿಷ, ಮಕ್ಕಳ ಕೈಗೆ ಸಿಗಬಾರದು. ಮೇಲಾಗಿ ಮುಂದಿನ ವರ್ಷದ ಬಳ್ಳಿ ಚಿಗುರಬೇಕಾದದ್ದೇ ಅದರಿಂದ.

ಮಾದರಿಯನ್ನು ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಒತ್ತಿಟ್ಟು, ಮಲೆನಾಡಿನ ತೇವಕ್ಕೆ ಬೂಷ್ಟು ಹಿಡಿಯದಂತೆ ದಿನವೂ ಹಾಳೆ ಬದಲಿಸಬೇಕು. ಬಣ್ಣವನ್ನು ಅಂದೇ ಬರೆದಿಡಿ: ಹಸಿರು-ಹಳದಿಯಾಗಿ ಬಿರಿಯುವ ಎಸಳು ದಿನ ಕಳೆದಂತೆ ಕಡುಕೆಂಪಾಗುತ್ತದೆ, ಒಣಗಿದ ಮೇಲೆ ಯಾವುದೂ ಗೊತ್ತಾಗುವುದಿಲ್ಲ. ಮಾದರಿಯ ಜೊತೆಗಿಡುವ ಚೀಟಿಯಲ್ಲಿ ತಾಲ್ಲೂಕಿನ ಹೆಸರಷ್ಟೇ ಬೇಡ; ಊರು, ತೋಟದ ಯಾವ ಬದಿ, ಬೇಲಿಯಲ್ಲಿ ಜೊತೆಗಿದ್ದ ಗಿಡಗಳು, ದಿನಾಂಕ ಎಲ್ಲವೂ ಇರಲಿ.