ಮುಳುಗುವ ಹೊತ್ತಿನ ಭಾಗಶಃ ಸೂರ್ಯಗ್ರಹಣವನ್ನು ನಗರದಿಂದ ಬರಿಗಣ್ಣಲ್ಲಿ ನೋಡಬಹುದಾ?

ಬೇಡ. ಸೂರ್ಯ ಎಷ್ಟೇ ಕೆಂಪಗೆ, ಮಂಕಾಗಿ ಕಂಡರೂ ಗ್ರಹಣದ ಕನ್ನಡಕ (ಐಎಸ್‌ಒ 12312-2 ಗುಣಮಟ್ಟದ್ದು) ಬೇಕೇ ಬೇಕು. ಕೂಲಿಂಗ್ ಗ್ಲಾಸ್ ಸಾಲದು.

ಸಂಜೆಯ ಬಿಸಿಲು ಗಾಳಿಯ ದಪ್ಪ ಪದರವನ್ನು ಓರೆಯಾಗಿ ದಾಟಿ ಬರುತ್ತದೆ. ದಾರಿಯಲ್ಲಿ ನೀಲಿ ಬೆಳಕು ಚದುರಿಹೋಗಿ ಕೆಂಪು ಉಳಿಯುತ್ತದೆ. ಕಣ್ಣಿಗೆ ಕಾಣದ ಶಾಖದ ಕಿರಣ, ಅಂದರೆ ಇನ್‌ಫ್ರಾರೆಡ್, ಅಷ್ಟಾಗಿ ಕಡಿಮೆಯಾಗುವುದಿಲ್ಲ. ಕಣ್ಣು ಚುಚ್ಚುವುದಿಲ್ಲ ಅಂತ ನಾವು ಜಾಸ್ತಿ ಹೊತ್ತು ದಿಟ್ಟಿಸುತ್ತೇವೆ, ಅಲ್ವಾ? ಎಡವಟ್ಟು ಆಗುವುದೇ ಅಲ್ಲಿ. ಕಣ್ಣಿನ ಒಳಪರದೆಯಾದ ರೆಟಿನಾದಲ್ಲಿ ನೋವು ತಿಳಿಸುವ ನರಗಳಿಲ್ಲ. ಸುಟ್ಟರೂ ಆಗ ಗೊತ್ತಾಗುವುದಿಲ್ಲ.

ನಗರದಲ್ಲಿ ಇನ್ನೊಂದು ತಲೆನೋವು ಕಟ್ಟಡಗಳದ್ದು. ಕೈ ಚಾಚಿ ಮುಷ್ಟಿ ಹಿಡಿಯಿರಿ, ಅದರ ಅಗಲ ಸುಮಾರು 10 ಡಿಗ್ರಿ. ಪಶ್ಚಿಮದ ಕಟ್ಟಡ ಅಷ್ಟು ಎತ್ತರ ಕಂಡರೆ ಸೂರ್ಯ ಮುಳುಗುವುದಕ್ಕೆ ಕಡಿಮೆಯೆಂದರೂ 40 ನಿಮಿಷ ಮೊದಲೇ ಮರೆಯಾಗುತ್ತಾನೆ. ಹಿಂದಿನ ಸಂಜೆ ಅದೇ ಹೊತ್ತಿಗೆ ತಾರಸಿ ಹತ್ತಿ ಜಾಗ ನೋಡಿಟ್ಟುಕೊಳ್ಳಿ.

ಕನ್ನಡಕ ಸಿಗಲಿಲ್ಲವೇ? ಸೂರ್ಯನಿಗೆ ಬೆನ್ನು ಹಾಕಿ ಎದುರಿನ ಗೋಡೆ ನೋಡಿ. ಎಲೆಗಳ ಸಂದಿಯಿಂದ ಬಿದ್ದ ಒಂದೊಂದು ಬಿಸಿಲ ಚುಕ್ಕೆಯೂ ಕಚ್ಚಿದ ಬಿಸ್ಕತ್ತಿನ ಹಾಗೆ ಕಾಣುತ್ತದೆ. ನನಗಂತೂ ಇದೇ ಹೆಚ್ಚು ಇಷ್ಟ.