ಯಾರ ಎಡ, ಯಾವ ಗೋಡೆ?

ನಮಸ್ಕಾರ,

ಹಂಪಿಯ ಆನೆ ಲಾಯದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ.

ಮೊದಲ ಎರಡು ಪುಟದ ವಿಜಯನಗರ ವೈಭವವನ್ನು ಪೂರ್ತಿ ತೆಗೆಯಿರಿ. ಬೀದಿಯಲ್ಲಿ ಮುತ್ತುರತ್ನ ಮಾರಿದ ಕಥೆ ಎಲ್ಲರೂ ಕೇಳಿದ್ದಾರೆ. ಮೂರನೇ ಪುಟದಲ್ಲಿ ನೋಟ್‌ಬುಕ್ಕು, ಕ್ಯಾಮೆರಾ ಹಿಡಿದು ಕೋಣೆ ಕೋಣೆ ಸುತ್ತುತ್ತೀರಲ್ಲ, ಬರಹ ಶುರುವಾಗುವುದೇ ಅಲ್ಲಿ.

ಎಡವಿರುವುದೂ ಅಲ್ಲೇ. “ಎಡದಿಂದ ಮೂರನೇ ಕೋಣೆಯ ಬಲಗೋಡೆಯಲ್ಲಿ ಗಾರೆ ಉದುರಿದೆ” ಎಂದಿದ್ದೀರಿ. ಯಾರ ಎಡ? ಲಾಯದ ಮುಖ ಪಶ್ಚಿಮಕ್ಕೆ. ಎದುರಿನ ಬಯಲಲ್ಲಿ ನಿಂತು ನೋಡಿದರೆ ಎಡಗೈಗೆ ಉತ್ತರ. ಒಳಗೆ ಹೋಗಿ ಬಾಗಿಲ ಕಡೆ ತಿರುಗಿದರೆ ಎಡಗೈಗೆ ದಕ್ಷಿಣ. ಸಾಲಿನಲ್ಲಿರುವುದು 11 ಕೋಣೆ. ಹಾಗಾಗಿ ನಿಮ್ಮ ಮೂರನೆಯದು ಇನ್ನೊಬ್ಬರಿಗೆ ಒಂಬತ್ತನೆಯದು. ದ್ವಾರಪಾಲಕನ ಬಲಗೈ ನಮಗೆ ಎಡಕ್ಕೆ ಕಾಣುತ್ತದಲ್ಲ, ಅದೇ ತಾಪತ್ರಯ. ನಾನೂ ಒಮ್ಮೆ ಹಳೇ ಗುಡಿಯೊಂದರಲ್ಲಿ ಸುಮ್ನೆ ‘ಬಲಗೋಡೆ’ ಎಂದು ಬರೆದುಕೊಂಡು ಬಂದಿದ್ದೆ. ಮನೆಗೆ ಬಂದ ಮೇಲೆ ಅರ್ಧಕ್ಕರ್ಧ ಫೋಟೋ ಎಲ್ಲಿಯದೆಂದೇ ತಿಳಿಯಲಿಲ್ಲ.

ಉತ್ತರದ ತುದಿಯ ಕೋಣೆಗೆ 1 ಎಂದು ಕೊಟ್ಟು ದಕ್ಷಿಣಕ್ಕೆ ಎಣಿಸುತ್ತ ಹೋಗಿ. ಇದು ನಿಮ್ಮದೇ ಎಣಿಕೆ ಎಂದು ಓದುಗರಿಗೂ ಹೇಳಿಬಿಡಿ. ಈಗ 3 ಮತ್ತು 4ರ ನಡುವಿನ ಗೋಡೆ ನೋಡಿ. 3ರಲ್ಲಿ ನಿಂತವರಿಗೆ ಅದು ದಕ್ಷಿಣದ ಗೋಡೆ, 4ರಲ್ಲಿ ನಿಂತವರಿಗೆ ಉತ್ತರದ್ದು. ಗೋಡೆ ಒಂದೇ, ಮೈ ಎರಡು. ಗಾರೆ ಒಂದು ಮೈಯಲ್ಲಿ ಉದುರಿ ಇನ್ನೊಂದರಲ್ಲಿ ಗಟ್ಟಿಯಾಗಿರಬಹುದು. ಅದಕ್ಕೇ ಒಂದೊಂದು ಮೈಗೂ ಒಂದೊಂದು ಗುರುತು: 3-ದ, 4-ಉ. ಎರಡು ಕೋಣೆಯ ನಡುವೆ ಬಾಗಿಲಿದ್ದರೆ ಆ ಬಾಗಿಲಿಗೆ ಮಾತ್ರ ಒಂದೇ ಗುರುತು, ಇಲ್ಲದಿದ್ದರೆ ಲೆಕ್ಕದಲ್ಲಿ ಬಾಗಿಲು ಜಾಸ್ತಿಯಾಗುತ್ತವೆ. ಯಾವ ಕಟ್ಟಡದಲ್ಲೇ ಆಗಲಿ, ಕಲ್ಲಿಟ್ಟು ಮುಚ್ಚಿದ ಬಾಗಿಲನ್ನೂ ಬಿಡಬೇಡಿ. ಗೋಡೆಯಾಗುವ ಮುಂಚೆ ಅದೂ ಬಾಗಿಲೇ ಅಲ್ವಾ? ಗುರುತನ್ನು ಚೀಟಿಯಲ್ಲಿ ಬರೆದು ಫೋಟೋದಲ್ಲಿ ಹಿಡಿಯಿರಿ. ಸ್ಮಾರಕದ ಗೋಡೆಗೆ ಚಾಕ್‌ಪೀಸ್ ತಾಗಿಸಲೇಬೇಡಿ.

ಇನ್ನು ಪಾಂಪೇ, ಜ್ವಾಲಾಮುಖಿಯ ಬೂದಿಯಡಿ ಹೂತುಹೋಗಿದ್ದ ಇಟಲಿಯ ಹಳೇ ರೋಮನ್ ಊರು. ಪುರಾತತ್ವಜ್ಞ ಜುಸೆಪ್ಪೆ ಫಿಯೊರೆಲ್ಲಿ ಅಲ್ಲಿನ ‘ಪ್ರತಿ ಗೋಡೆಗೂ’ ನಂಬರ್ ಕೊಟ್ಟರು ಎಂದಿದ್ದೀರಿ. ತಪ್ಪು. 1858ರಲ್ಲಿ ಅವರು ಊರನ್ನು 9 ವಲಯ ಮಾಡಿದರು. ವಲಯದೊಳಗಿನ ಬ್ಲಾಕುಗಳಿಗೆ ಸಂಖ್ಯೆ, ಬ್ಲಾಕಿನಿಂದ ಬೀದಿಗೆ ತೆರೆಯುವ ಬಾಗಿಲುಗಳಿಗೆ ಸಂಖ್ಯೆ. ಅಷ್ಟೇ. ಫಾನ್ ಮನೆ ಎಂದು ಹೆಸರಾದ ದೊಡ್ಡ ಮನೆಯ ವಿಳಾಸ 6ನೇ ವಲಯ, 12ನೇ ಬ್ಲಾಕು, 2ನೇ ಬಾಗಿಲು. ಅದೇ ಮನೆಗೆ 5 ಎಂಬ ಇನ್ನೊಂದು ಬಾಗಿಲೂ ಇದೆ, ನಡುವಿನ 3 ಮತ್ತು 4 ಅಂಗಡಿಗಳದ್ದು. ಮನೆ ಯಾರದು, ಒಳಗೆ ಏನು ನಡೆಯುತ್ತಿತ್ತು ಎಂದು ಆ ಸಂಖ್ಯೆ ಊಹಿಸಲು ಹೋಗುವುದಿಲ್ಲ.

ನೀವು ಊಹಿಸಿದ್ದೀರಿ. ನಕ್ಷೆಯಲ್ಲಿ ಒಂದು ಕೋಣೆಗೆ ‘ಮಾವುತನ ಕೋಣೆ’ ಎಂಬ ಹೆಸರೇ ಬಿದ್ದಿದೆ. ಯಾರು ಹೇಳಿದರು? ಊಹೆ ಲೇಖನದಲ್ಲಿರಲಿ, ಗುರುತಿನಲ್ಲಿ ಬೇಡ.

ತಿದ್ದಿ ಕಳಿಸಿ, ಖಂಡಿತ ಓದುತ್ತೇನೆ. ಅದಕ್ಕೂ ಮುಂಚೆ ಆ ಗಾರೆ ಉದುರಿದ ಫೋಟೋ ತೆಗೆದು ನೋಡಿ. ಹೊರಗೆ ನಿಂತು ಎಣಿಸಿದ್ದರೆ ಅದು 3-ದ. ಒಳಗಿನಿಂದ ಎಣಿಸಿದ್ದರೆ 9-ಉ. ಯಾವುದು?