ಕೂಗು ನಿಂತ ಮೇಲಿನ ಕೆಲಸ

ಓದುಗರ ಪತ್ರ (ಸಂಗ್ರಹ): ಒಂಬತ್ತು ವರ್ಷದ ಮಗ ವಾರದಲ್ಲಿ ನಾಲ್ಕೈದು ಸಲ ರೊಚ್ಚಿಗೇಳುತ್ತಾನೆ. ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ, ತಂಗಿಗೆ ಹೊಡೆಯುತ್ತಾನೆ. ಮುಕ್ಕಾಲು ಗಂಟೆ ಕಳೆದ ಮೇಲೆ ತಾನೇ ಅಳುತ್ತ ಬಂದು ಮಡಿಲಲ್ಲಿ ಮಲಗುತ್ತಾನೆ. ನಾಲ್ಕು ಬಾರಿಸಿ, ಸರಿಹೋಗುತ್ತಾನೆ ಅನ್ನುತ್ತಾರೆ ನೆಂಟರು. ‘ನಾನು ಸತ್ತರೇ ಒಳ್ಳೇದು’ ಎಂದು ಮಗ ಅಂದದ್ದೂ ಉಂಟು. ತಪ್ಪು ನನ್ನದೇ? ಆ ಹೊತ್ತಿನಲ್ಲಿ ಏನು ಮಾಡಲಿ?

ಸಂಪಾದಕರ ಉತ್ತರ:

‘ಸತ್ತರೇ ಒಳ್ಳೇದು’ ಎಂಬ ಮಾತಿನಿಂದಲೇ ಶುರು ಮಾಡೋಣ. ಸಿಟ್ಟಿನಲ್ಲಿ ಅಂದಿದ್ದು ಎಂದು ತಳ್ಳಿಹಾಕಬೇಡಿ. ಅವನು ಶಾಂತನಾಗಿದ್ದಾಗ ನೇರವಾಗಿ ಕೇಳಿ: ‘ಸಾಯಬೇಕು ಅನ್ನಿಸುತ್ತಾ? ಹೇಗೆ ಅಂತ ಯೋಚನೆ ಮಾಡಿದ್ದೀಯಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತೆಂಬ ಭಯ ಬೇಡ, ಹಾಗಾಗುವುದಿಲ್ಲ. ಮಾತ್ರೆ, ಕೀಟನಾಶಕ, ಚಾಕು ಇವತ್ತೇ ಬೀಗದೊಳಗೆ ಹೋಗಲಿ. ಮಕ್ಕಳ ಮನೋವೈದ್ಯರನ್ನು ಈ ವಾರವೇ ನೋಡಿ. ‘ಹೇಗೆ’ ಎಂಬುದಕ್ಕೆ ಅವನಲ್ಲಿ ಉತ್ತರವಿದ್ದರೆ ಅವತ್ತೇ ಹೋಗಿ, ಅಲ್ಲಿಯವರೆಗೆ ಒಬ್ಬನನ್ನೇ ಬಿಡಬೇಡಿ.

ಇದು ಎಷ್ಟು ತಿಂಗಳಿಂದ ನಡೆದಿದೆ, ರಂಪವಿಲ್ಲದ ದಿನ ಅವನು ಹೇಗಿರುತ್ತಾನೆ ಎಂಬುದನ್ನು ವೈದ್ಯರಿಗೆ ಮರೆಯದೆ ಹೇಳಿ. ವಾರಕ್ಕೆ 3 ಅಥವಾ ಹೆಚ್ಚು ಸಲ ಸ್ಫೋಟ, ನಡುವಿನ ದಿನಗಳಲ್ಲೂ ಸಿಡುಕು, ಅದೂ 12 ತಿಂಗಳಿಂದ ಅಂದರೆ ಅವರು ಇದನ್ನು ಬರಿಯ ಹಠವೆಂದಲ್ಲ, ಮನಸ್ಸಿನ ಕಾಯಿಲೆ ಇರಬಹುದೇ ಎಂದು ಯೋಚಿಸಬೇಕಾಗುತ್ತದೆ. ಮಕ್ಕಳಲ್ಲಿ ಖಿನ್ನತೆ ಎಷ್ಟೋ ಸಲ ಸಿಡುಕಿನ ರೂಪದಲ್ಲೇ ಕಾಣಿಸಿಕೊಳ್ಳುತ್ತದೆ. ನಿದ್ದೆ, ಕಿವಿ, ಓದು-ಬರಹದ ತೊಡಕು, ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿಯಾಗಿ ಚಡಪಡಿಸುವ ತೊಂದರೆ), ಆತಂಕ, ಇವನ್ನೂ ನೋಡಿಸಿ.

ಇನ್ನು ತಪ್ಪಿನ ಮಾತು. ಕೆಲವು ಮಕ್ಕಳು ಹುಟ್ಟಿನಿಂದಲೇ ಬೇಗ ಕೆರಳುವವರು. ಅದರ ಮೇಲೆ ಒಂದು ಸುಳಿ ಬೆಳೆಯುತ್ತದೆ. ಜೆರಾಲ್ಡ್ ಪ್ಯಾಟರ್ಸನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಮನೆಗಳಲ್ಲೇ ಗಮನಿಸಿ ವಿವರಿಸಿದ್ದು ಇದನ್ನೇ: ನೀವು ‘ಬೇಡ’ ಅನ್ನುತ್ತೀರಿ, ಅವನು ಕೂಗುತ್ತಾನೆ, ನೀವು ಸೋಲುತ್ತೀರಿ, ಕೂಗು ನಿಲ್ಲುತ್ತದೆ. ಕೂಗಿದರೆ ಸಿಗುತ್ತದೆಂದು ಅವನು ಕಲಿತ, ಕೊಟ್ಟರೆ ನೆಮ್ಮದಿಯೆಂದು ನೀವು ಕಲಿತಿರಿ. ಒಂದು ದಿನ ಬಿಗಿ, ಮರುದಿನ ಸಡಿಲ ಎಂಬುದು ಇನ್ನೂ ಕೆಟ್ಟದ್ದು, ಇವತ್ತಲ್ಲದಿದ್ದರೆ ನಾಳೆ ಸಿಕ್ಕೀತೆಂದು ಅವನು ಬಿಡುವುದೇ ಇಲ್ಲ. ಹೊಡೆತವೂ ಈ ಸುಳಿಯನ್ನು ಬಿಗಿಯಾಗಿಸುತ್ತದೆ. ದೊಡ್ಡವರು ಗೆಲ್ಲುವುದು ಹೊಡೆದೇ ಎಂದು ನೋಡಿದವನು ತಂಗಿಯ ಮೇಲೆ ಅದನ್ನೇ ಪ್ರಯೋಗಿಸುತ್ತಾನೆ. ನೆಂಟರಿಗೆ ಇಷ್ಟು ಹೇಳಿದರೆ ಸಾಕು.

ರಂಪದ ಹೊತ್ತಿನಲ್ಲಿ ಮಾಡಲಿಕ್ಕಿರುವುದು ಸ್ವಲ್ಪವೇ. ತಂಗಿಯನ್ನು ಬೇರೆ ಕೋಣೆಗೆ ಕಳಿಸಿ. ಭಾರದ್ದು, ಚೂಪಾದದ್ದು ತೆಗೆದಿಡಿ. ಅವನಿಗೆ ಕಾಣುವಷ್ಟು ದೂರದಲ್ಲಿ, ಪಕ್ಕಕ್ಕೆ ತಿರುಗಿ ಕುಳಿತುಕೊಳ್ಳಿ. ‘ನಾನಿಲ್ಲೇ ಇದ್ದೀನಿ’ ಎಂಬ ಒಂದು ಮಾತು ಸಾಕು. ಯಾಕೆ ಹೀಗೆ ಮಾಡ್ತೀಯ ಎಂದು ಕೇಳಬೇಡಿ, ಆಗ ಉತ್ತರ ಕೊಡುವ ಸ್ಥಿತಿಯಲ್ಲಿ ಅವನಿಲ್ಲ. ಪೆಟ್ಟಾಗುವ ಅಪಾಯವಿಲ್ಲದಿದ್ದರೆ ಹಿಡಿದು ಅದುಮಬೇಡಿ. ಮಡಿಲಿಗೆ ಬಂದಾಗ ಮಲಗಗೊಡಿ, ಅದು ಸೋಲಲ್ಲ. ಎಸೆದದ್ದನ್ನು ಆಮೇಲೆ ಇಬ್ಬರೂ ಸೇರಿ ಎತ್ತಿಡಿ.

ನಿಜವಾದ ಕೆಲಸ ಉಳಿದ ಹೊತ್ತಿನದು. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಎಷ್ಟು ಗಂಟೆಗೆ, ಸ್ವಲ್ಪ ಮುಂಚೆ ಏನಾಯಿತು, ಎಷ್ಟು ಹೊತ್ತು, ಯಾವುದರಿಂದ ನಿಂತಿತು, ಹಿಂದಿನ ರಾತ್ರಿ ನಿದ್ದೆ ಎಷ್ಟು. (ಈ ವಯಸ್ಸಿಗೆ 9ರಿಂದ 12 ಗಂಟೆ ಬೇಕು.) ಕಾರಣವೇ ಇಲ್ಲದೆ ಸಿಡಿಯುತ್ತಾನೆ ಅನ್ನಿಸುತ್ತಿದ್ದದ್ದು ಹೆಚ್ಚಾಗಿ ಎರಡು ಮೂರು ಸಂದರ್ಭಗಳಿಗೆ ಬಂದು ನಿಲ್ಲುತ್ತದೆ: ಮೊಬೈಲ್ ಆರಿಸುವಾಗ, ಹೋಂವರ್ಕಿಗೆ ಕೂತಾಗ, ಹಸಿದಾಗ. ಒಂದನ್ನು ಮಾತ್ರ ಹಿಡಿಯಿರಿ. ಹೊಡೆಯಕೂಡದು ಎಂಬ ನಿಯಮ ಉಳಿಯಲಿ, ಹಾಸಿಗೆ ಮಡಚಲಿಲ್ಲ ಎಂಬಂಥದ್ದನ್ನೆಲ್ಲ ಸದ್ಯಕ್ಕೆ ಕೈಬಿಡಿ.

ಮೊಬೈಲೇ ಕಾರಣ ಅನ್ನಿ. ಸಮಾಧಾನದ ಹೊತ್ತಿನಲ್ಲಿ ‘ಆರಿಸುವಾಗ ಕಷ್ಟ ಆಗುತ್ತಲ್ಲ, ಏನು ನಡೆಯುತ್ತೆ ಹೇಳು’ ಎಂದು ಕೇಳಿ, ಸುಮ್ಮನೆ ಆಲಿಸಿ. ಆಟದ ಮಟ್ಟ (ಲೆವೆಲ್) ಅರ್ಧಕ್ಕೆ ನಿಲ್ಲುವುದೇ ಸಂಕಟವೆಂದಾದರೆ ಹೊತ್ತನ್ನು ಗಡಿಯಾರಕ್ಕಲ್ಲ, ಮಟ್ಟಕ್ಕೆ ಗೊತ್ತುಮಾಡಬಹುದು. ಆದರೆ ಗೊತ್ತುಮಾಡಿದ್ದು ಬದಲಾಗಕೂಡದು. ಮೊದಲ ಕೆಲವು ದಿನ ಕೂಗು ಹೆಚ್ಚಬಹುದು. ಬಹಳ ಮಂದಿ ಕೈಚೆಲ್ಲುವುದು ಅಲ್ಲೇ, ಆಗ ಅವನು ಕಲಿಯುವುದು ಇನ್ನೂ ಜೋರಾಗಿ ಕೂಗುವುದನ್ನು.

ದಿನಕ್ಕೆ ಹತ್ತು ನಿಮಿಷ ಅವನು ಆರಿಸಿದ ಆಟ ಆಡಿ. ಅಪ್ಪಣೆ, ಪ್ರಶ್ನೆ, ತಿದ್ದುವಿಕೆ ಬೇಡ. ಶಿಕ್ಷೆಯೆಂದು ಆ ಹೊತ್ತನ್ನು ಕಿತ್ತುಕೊಳ್ಳಬೇಡಿ.

ತಂಗಿಗೂ ಅಷ್ಟೇ ಹೊತ್ತು ಕೊಡಿ. ರಂಪ ಶುರುವಾದರೆ ಯಾವ ಕೋಣೆಗೆ ಹೋಗಬೇಕು, ಯಾರನ್ನು ಕರೆಯಬೇಕು ಎಂದು ಅವಳಿಗೆ ಮೊದಲೇ ಹೇಳಿಕೊಟ್ಟಿರಿ. ‘ಅಣ್ಣ ಅಲ್ವಾ, ಹೊಂದಿಕೊಂಡು ಹೋಗು’ ಎಂದು ಮಾತ್ರ ಹೇಳಬೇಡಿ.